ಕೊನೆಗೊಯ್ಲಿಗೆ ಮುಂಚೆ ಒಲೆಯ ಒಳಮೈ ನೋಡಿರಿ

ಅಡಿಕೆ ಬೇಯಿಸುವ ಒಲೆಯೊಳಗಿನ ಬೆಂಕಿ ಇಟ್ಟಿಗೆ ಸಡಿಲವಾದರೆ ಸೌದೆ ಹೆಚ್ಚು ಬೇಕಾಗುತ್ತದೆ. ಒಮ್ಮೆ ನಾವು ಉದಾಸೀನ ಮಾಡಿ, ಬಿದ್ದ ಇಟ್ಟಿಗೆಗಳನ್ನು ಸಿಮೆಂಟಿನಲ್ಲೇ ಕೂರಿಸಿದೆವು. ಸುಗ್ಗಿಯ ನಡುವೆ ಅವು ಕಳಚಿಬಿದ್ದವು. ಸುಲಿದ ಅಡಿಕೆ ಬೇಯದೆ ಉಳಿದು ಬಣ್ಣಗೆಟ್ಟಿತು. ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾಮೂಲು ಸಿಮೆಂಟು ಬಲಗುಂದುತ್ತದೆ.

ಸರಿಯಾದ ಕ್ರಮವನ್ನು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಬಂಧುಗಳ ಬಚ್ಚಲೊಲೆ ಕಟ್ಟಿದ ಗೌಂಡಿಯಿಂದ ಕಲಿತೆವು. ಸೀಳಿದ ಇಟ್ಟಿಗೆ ತೆಗೆದು, ಹಳೆಯ ಗಾರೆಯನ್ನು ಪೂರ್ತಿ ಕೆರೆಯಬೇಕು. ಹೊಸ ಬೆಂಕಿ ಇಟ್ಟಿಗೆಯನ್ನು ಫೈರ್‌ಕ್ಲೇ ಗಾರೆಯಲ್ಲಿ, 2–3 ಮಿ.ಮೀ. ಸಂದು ಮಾತ್ರ ಬರುವಂತೆ ಕೂರಿಸಬೇಕು. ದಪ್ಪ ಸಂದು ಮೊದಲು ಉದುರುತ್ತದೆ. ವಾರವಾದರೂ ನೆರಳಲ್ಲಿ ಒಣಗಲು ಬಿಟ್ಟು, ಬಳಿಕ ಮೂರು ದಿನ ಸಣ್ಣ ಬೆಂಕಿ ಹಾಕಿರಿ. ಒಮ್ಮೆಗೇ ದೊಡ್ಡ ಬೆಂಕಿ ಮಾಡಿದರೆ ಒಳಗಿನ ತೇವ ಆವಿಯಾಗಿ ಸಂದು ಸೀಳುತ್ತದೆ.

ಆದ್ದರಿಂದ ಸದಸ್ಯ ಬಾಂಧವರು ಕೊನೆ ಇಳಿಸುವುದಕ್ಕೆ ಹದಿನೈದು ದಿನ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಲೇಸು.