ಮಣ್ಣಿಗೆ ಸೇರಿದ ಲೋಹ: ತಪ್ಪು ಕಲ್ಪನೆ ಮತ್ತು ಸತ್ಯ

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೊಲಕ್ಕೆ ಗೋಡು (ಕೆರೆಯ ಹೂಳು) ಹೊಡೆಸುವುದು ಆನಗೋಡು ಸೀಮೆಯ ರೈತರಿಗೆ ಗೊತ್ತಿರುವ ಒಳ್ಳೆಯ ರೂಢಿ. ಆದರೆ ಪಟ್ಟಣದ ಚರಂಡಿ, ಗ್ಯಾರೇಜು, ಪ್ಲೇಟಿಂಗ್ ಘಟಕಗಳ ನೀರು ಇಳಿಯುವ ಕೆರೆಯಾದರೆ ಅದರ ಗೋಡಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇರಬಹುದು. ಅಂಥ ಮಣ್ಣನ್ನು ಶುದ್ಧ ಮಾಡುವುದು ಸುಲಭ ಎಂಬ ನಂಬಿಕೆಗಳನ್ನು ಇಲ್ಲಿ ಪರಿಶೀಲಿಸೋಣ.

ತಪ್ಪು ಕಲ್ಪನೆ: ನಾಲ್ಕು ಮಳೆ ಬಿದ್ದರೆ ಮಣ್ಣು ತಾನೇ ಸರಿಹೋಗುತ್ತದೆ.

ಸತ್ಯ: ಎಷ್ಟೋ ಕೀಟನಾಶಕಗಳನ್ನು ಸೂಕ್ಷ್ಮಜೀವಿಗಳು ಒಡೆದುಹಾಕುತ್ತವೆ. ಆದರೆ ಲೋಹ ಮೂಲಧಾತು, ಅದು ಕೊಳೆಯುವುದಿಲ್ಲ. ಸೀಸ ಬಹುಪಾಲು ಮೇಲ್ಮಣ್ಣಿಗೇ ಅಂಟಿಕೊಂಡು ದಶಕಗಟ್ಟಲೆ ಉಳಿಯುತ್ತದೆ. ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನೊಂದಿಗೆ ಕೆಳಗಿಳಿದು ಅಂತರ್ಜಲ ಸೇರುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಆದದ್ದು ಇದೇ.

ತಪ್ಪು ಕಲ್ಪನೆ: ಆಳವಾಗಿ ಉತ್ತು, ಮೇಲೊಂದು ಪದರ ಹೊಸ ಮಣ್ಣು ಹಾಕಿದರೆ ಸಾಕು.

ಸತ್ಯ: ಉತ್ತರೆ ಲೋಹ ತೆಳುವಾಗಿ ಹರಡುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹೊದಿಕೆ ಹಾಕುವುದಾದರೆ ಜೇಡಿಯ ಅಥವಾ ಪ್ಲಾಸ್ಟಿಕ್ ಹಾಳೆಯ ತಡೆ ಬೇಕು. ಆಮೇಲೆ ಅಲ್ಲಿ ಅಗೆಯುವಂತಿಲ್ಲ. ಹೊದಿಕೆಯ ಬದಲು ಮಣ್ಣನ್ನೇ ಅಗೆದು ತೆಗೆದರೆ ಅದನ್ನು ಹಳ್ಳಕ್ಕೆ ಸುರಿಯದೆ, ಅಪಾಯಕಾರಿ ತ್ಯಾಜ್ಯಕ್ಕೆಂದೇ ಕಟ್ಟಿದ ಜಾಗಕ್ಕೆ ಸಾಗಿಸಬೇಕು. ಕ್ಯಾಡ್ಮಿಯಂನಿಂದ ಜನ ನರಳಿದ ಜಪಾನಿನ ಜಿಂಜು ನದಿ ಬಯಲಿನಲ್ಲಿ ಸುಮಾರು 860 ಹೆಕ್ಟೇರ್ ಹೊಲಗದ್ದೆಗಳನ್ನು ಸರಿಪಡಿಸಲು 30ಕ್ಕೂ ಹೆಚ್ಚು ವರ್ಷ ಹಿಡಿಯಿತು; ಕೆಲಸ ಮುಗಿದದ್ದು 2012ರಲ್ಲಿ.

ತಪ್ಪು ಕಲ್ಪನೆ: ನೀರಿನಲ್ಲಿ ತೊಳೆದರೆ ಯಾವ ಮಣ್ಣಾದರೂ ಶುದ್ಧವಾಗುತ್ತದೆ.

ಸತ್ಯ: ಲೋಹ ಹೆಚ್ಚಾಗಿ ಅಂಟಿಕೊಳ್ಳುವುದು ನಯವಾದ ಜೇಡಿ ಕಣಗಳಿಗೆ. ತೊಳೆಯುವ ಯಂತ್ರ ಮರಳು, ಗರಸನ್ನು ಬೇರ್ಪಡಿಸಿ, ವಿಷವನ್ನು ಸಣ್ಣ ರಾಶಿಗೆ ಇಳಿಸುತ್ತದೆ. ಆ ರಾಶಿಯನ್ನೂ ತೊಳೆದ ನೀರನ್ನೂ ಮತ್ತೆ ಸಂಸ್ಕರಿಸಲೇಬೇಕು. ಮರಳು ಹೆಚ್ಚಿರುವ ಮಸಾರಿ ಮಣ್ಣಿಗೆ ಈ ವಿಧಾನ ಒಗ್ಗೀತು. ಜೇಡಿಯೇ ತುಂಬಿದ ಎರೆ ಮಣ್ಣಿಗೆ ಕಷ್ಟ.

ತಪ್ಪು ಕಲ್ಪನೆ: ಸುಟ್ಟರೆ ಲೋಹ ಹೋಗುತ್ತದೆ.

ಸತ್ಯ: ಪಾದರಸ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಹಾಗಾಗಿ ಮುಚ್ಚಿದ ಕುಲುಮೆಯಲ್ಲಿ ಕಾಯಿಸಿ, ಆವಿಯನ್ನು ತಣಿಸಿ ಹಿಡಿಯಬಹುದು. 2001ರಲ್ಲಿ ಮುಚ್ಚಿದ ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆಯ ಮಣ್ಣಿಗೆ ತೊಳೆಯುವ ಮತ್ತು ಕಾಯಿಸುವ ವಿಧಾನಗಳನ್ನೇ ಯೋಜಿಸಲಾಯಿತು. ಸೀಸ ಕುದಿಯಲು ಸುಮಾರು 1,750 ಡಿಗ್ರಿ ಬೇಕು. ಬಯಲಲ್ಲಿ ಬೆಂಕಿ ಹಚ್ಚಿದರೆ ವಿಷದ ಹೊಗೆ, ಬೂದಿ ಮನೆಮಂದಿಗೆ ತಗಲುತ್ತದೆ, ಅಷ್ಟೆ.

ತಪ್ಪು ಕಲ್ಪನೆ: ಮಣ್ಣು ಆರೋಗ್ಯ ಕಾರ್ಡ್ ಇದ್ದರೆ ಭಯವಿಲ್ಲ.

ಸತ್ಯ: ಆ ಕಾರ್ಡಿನ 12 ಅಂಶಗಳಲ್ಲಿ ಸತು, ತಾಮ್ರ ಪೋಷಕಾಂಶಗಳಾಗಿ ಬರುತ್ತವೆ, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇಲ್ಲ.

ಮೇಲೆ ಹೇಳಿದ ಯಾವ ಶುದ್ಧೀಕರಣ ವಿಧಾನವೂ ಲೋಹವನ್ನು ನಾಶ ಮಾಡುವುದಿಲ್ಲ. ಮುಚ್ಚುತ್ತದೆ, ಬೇರ್ಪಡಿಸುತ್ತದೆ ಅಥವಾ ಬೇರೆಡೆಗೆ ಸಾಗಿಸುತ್ತದೆ. ಆದ್ದರಿಂದ ಪಟ್ಟಣದ ನೀರು ಸೇರುವ ಕೆರೆಯ ಗೋಡು ಹೊಡೆಸುವ ಮುನ್ನ ಭಾರಲೋಹಗಳ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಿ. ಫಲಿತಾಂಶ ಬರುವವರೆಗೆ ಒಂದು ಟ್ರ್ಯಾಕ್ಟರ್ ಗೋಡೂ ಹೊಲಕ್ಕೆ ಇಳಿಯದಿರಲಿ.