ಯಂತ್ರದೊಳಗಿನ ಕಡತ: ಪತ್ರಾಗಾರಕ್ಕೆ ಒಪ್ಪಿಸುವುದು ಯಾವಾಗ?

ಸರಕಾರಿ ಕಚೇರಿಗಳಲ್ಲಿ ‘ಕಡತ’ ಎಂದು ಕರೆಯುವ ವಸ್ತುವಿಗೆ ಆ ಹೆಸರು ಬಂದುದು ಕಾಗದದಿಂದಲ್ಲ. ಹಿಂದೆ ನಮ್ಮ ನಾಡಿನ ಲೆಕ್ಕಿಗರು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಆ ಕಪ್ಪು ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಇಂದಿಗೂ ಉಳಿದಿವೆ. ವಿದ್ವಾಂಸರು ಅವುಗಳನ್ನು ಓದಿ ಇತಿಹಾಸವನ್ನು ಬರೆದಿದ್ದಾರೆ. ಓದುವುದಕ್ಕೆ ಅವರಿಗೆ ಬೇಕಾದುದು ಬೆಳಕು ಮತ್ತು ಅಕ್ಷರ ಬಲ್ಲ ಕಣ್ಣು, ಇವೆರಡೇ.

ಈಗಿನ ಕಡತ ಹಾಗಿಲ್ಲ. ಕೇಂದ್ರ ಸರಕಾರದ ಸಚಿವಾಲಯಗಳಲ್ಲಿ ಟಿಪ್ಪಣಿ, ಆದೇಶ, ಸಹಿ ಎಲ್ಲವೂ ‘ಇ-ಆಫೀಸ್’ ಎಂಬ ವ್ಯವಸ್ಥೆಯೊಳಗೇ ನಡೆಯುತ್ತಿವೆ ಎಂಬುದನ್ನು ದೆಹಲಿಯಲ್ಲಿರುವ ನಮ್ಮ ಗುಮಾಸ್ತ ಬಂಧುಗಳಿಗೆ ನಾವು ವಿವರಿಸಬೇಕಾದುದಿಲ್ಲ. ಕೆಂಪು ದಾರದ ಕಟ್ಟು ಕಣ್ಮರೆಯಾಗುತ್ತಿದೆ. ಜವಾನನು ಕಡತ ಹೊತ್ತು ಮೇಜಿನಿಂದ ಮೇಜಿಗೆ ನಡೆಯುವುದೂ ಕಡಿಮೆಯಾಗಿದೆ. ಇದೆಲ್ಲ ಒಳ್ಳೆಯದೇ. ಆದರೆ ಕೆಲಸ ಮುಗಿದ ಮೇಲೆ ಕಾಗದದ ಕಡತವು ರೆಕಾರ್ಡು ರೂಮಿಗೂ, ಅಲ್ಲಿಂದ ಪತ್ರಾಗಾರಕ್ಕೂ ಹೋಗುವ ಒಂದು ದಾರಿಯಿತ್ತು. ಯಂತ್ರದೊಳಗೆ ಹುಟ್ಟಿದ ಕಡತವು ಯಾವ ದಾರಿಯಿಂದ, ಯಾವಾಗ, ಯಾರ ಕೈಸೇರುತ್ತದೆ? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಇನ್ನೂ ಗಟ್ಟಿಯಾದ ರೂಢಿ ಬೆಳೆದಿಲ್ಲವೆಂದೇ ನಮ್ಮ ಅಭಿಪ್ರಾಯ.

ಇದು ಪಂಡಿತರ ಚರ್ಚೆಯೆಂದು ಹೋಟೆಲಿನಲ್ಲಿ ದುಡಿಯುವ ಬಂಧುಗಳು ಪುಟ ಮಗುಚಬಾರದು. ಊರಿನಲ್ಲಿ ಅಣ್ಣತಮ್ಮಂದಿರೊಡನೆ ಜಂಟಿಯಾಗಿರುವ ಮುಕ್ಕಾಲೆಕರೆ ಗದ್ದೆಗೆ ಆಧಾರವಾದ ಪಹಣಿಯು ಇಂದು ಯಂತ್ರದೊಳಗಿದೆ. ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ಭೂಮಾಲಕರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, 2002ರ ಹೊತ್ತಿಗೆ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಿತು. ಗ್ರಾಮಲೆಕ್ಕಿಗರ ಮರ್ಜಿಗಾಗಿ ಕಾಯುವುದು ತಪ್ಪಿತು. ಮುಂಬಯಿಯಿಂದ ನಾಲ್ಕು ದಿನದ ರಜೆಯಲ್ಲಿ ಊರಿಗೆ ಹೋದವನು ತಾಲೂಕು ಕಚೇರಿಯಲ್ಲಿ 15 ರೂಪಾಯಿ ತೆತ್ತು ಪಹಣಿ ಪಡೆದು ಮರಳಬಹುದಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಹಿಸ್ಸೆಯ ವ್ಯಾಜ್ಯಗಳು ಒಂದು ತಲೆಮಾರಿನಲ್ಲಿ ಮುಗಿಯುವಂಥವಲ್ಲ. ಮೊಮ್ಮಕ್ಕಳು ಕೋರ್ಟಿನಲ್ಲಿ ನಿಂತಾಗ 2002ರಲ್ಲಿ ಆ ಕಾಲಮಿನಲ್ಲಿ ಯಾರ ಹೆಸರಿತ್ತು, ಯಾರು ಅದನ್ನು ಯಾವ ದಿನ ತಿದ್ದಿದರು ಎಂಬುದು ಯಂತ್ರದಿಂದಲೇ ಹೊರಬರಬೇಕು.

ಭವಿಷ್ಯನಿಧಿಯ ವಿಷಯವೂ ಹಾಗೆಯೇ. 1995ರ ನೌಕರರ ಪಿಂಚಣಿ ಯೋಜನೆಯಂತೆ ಮಾಸಿಕ ಪಿಂಚಣಿ ದೊರೆಯಬೇಕಾದರೆ ಕನಿಷ್ಠ 10 ವರ್ಷಗಳ ಸೇವೆ ಇರಬೇಕು. ಕ್ಲೀನರಾಗಿ ಸೇರಿ, ಸಪ್ಲಾಯರಾಗಿ, ಕೊನೆಗೆ ಗಲ್ಲಾದಲ್ಲಿ ಕುಳಿತು, ಈ ನಡುವೆ ನಾಲ್ಕು ಹೋಟೆಲು ಬದಲಿಸಿದವನ ಸೇವೆಯ ಲೆಕ್ಕವು ಮೂವತ್ತು ವರ್ಷವಾದರೂ ಅಳಿಯದೆ ಇರಬೇಕು. ಅಷ್ಟು ಹೊತ್ತಿಗೆ ಮಾಲಕನು ಹೋಟೆಲು ಮುಚ್ಚಿರುತ್ತಾನೆ, ಇಲ್ಲವೇ ಕಾಲವಾಗಿರುತ್ತಾನೆ. ಹೋಟೆಲು ನಡೆಸಿದವರಾದ ನಾವು ಬಲ್ಲೆವು: ಹಳೆಯ ಹಾಜರಿ ಪುಸ್ತಕವನ್ನು ಅಟ್ಟದಿಂದಿಳಿಸಿ ತೋರಿಸುವ ಮಾಲಕರು ವಿರಳ. ಸರಕಾರದ ದಾಖಲೆಯೊಂದೇ ಅವನಿಗೆ ಗತಿ.

2012ರ ಜೂನ್ 21ರಂದು ಮುಂಬಯಿಯ ಮಂತ್ರಾಲಯಕ್ಕೆ ಬೆಂಕಿ ಬಿದ್ದುದನ್ನು ಇಲ್ಲಿಯ ಹಳಬರು ಮರೆತಿರಲಾರರು. ಐವರು ಪ್ರಾಣ ತೆತ್ತರು. ಮೇಲಂತಸ್ತುಗಳಲ್ಲಿದ್ದ ಕಡತಗಳು ಬೂದಿಯಾದವು. ಕಾಗದವನ್ನೆಲ್ಲ ಗಣಕಕ್ಕೆ ಏರಿಸಿಬಿಟ್ಟರೆ ಭಯವಿಲ್ಲವೆಂಬ ಮಾತು ಇಂಥ ಸಂದರ್ಭಗಳಲ್ಲಿ ಕೇಳಿಬರುವುದು ಸಹಜ. ಮಾತು ಅರ್ಧ ಮಾತ್ರ ನಿಜ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಯಿಂದ ಹೊತ್ತಿಕೊಂಡ ಬೆಂಕಿಗೆ 709 ಸರಕಾರಿ ವ್ಯವಸ್ಥೆಗಳು ಒಮ್ಮೆಲೇ ನಿಂತುಹೋದವು. ಅಧಿಕಾರಿಗಳು ತಮ್ಮ ಕೆಲಸದ ಕಡತಗಳನ್ನಿಡುತ್ತಿದ್ದ ‘ಜಿ-ಡ್ರೈವ್’ ಎಂಬ ಉಗ್ರಾಣದಲ್ಲಿ 858 ಟೆರಾಬೈಟುಗಳಷ್ಟು ಸರಕು ಇದ್ದಿತು. ಅದು ಪೂರ್ತಿ ಸುಟ್ಟುಹೋಯಿತು. ತೀರ ದೊಡ್ಡದಾಯಿತೆಂಬ ಕಾರಣಕ್ಕೆ ಬೇರೊಂದು ಸ್ಥಳದಲ್ಲಿ ಅದರ ನಕಲನ್ನೇ ಇಟ್ಟಿರಲಿಲ್ಲವಂತೆ! ಯಂತ್ರವಿದ್ಯೆಯಲ್ಲಿ ಜಗತ್ತಿಗೇ ಮುಂದಾದ ದೇಶದ ಕಥೆಯಿದು. ಉಗ್ರಾಣ ದೊಡ್ಡದಾದಷ್ಟೂ ಅದಕ್ಕೆ ಕಾವಲು ಹೆಚ್ಚು ಬೇಕೆಂಬುದನ್ನು ನಮ್ಮ ಅಡಿಗೆ ಭಟ್ಟರೂ ಬಲ್ಲರು.

ಬೆಂಕಿಯಾದರೋ ಕಣ್ಣಿಗೆ ಕಾಣುತ್ತದೆ. ಸದ್ದಿಲ್ಲದೆ ಆಗುವ ನಾಶ ಅದಕ್ಕಿಂತ ದೊಡ್ಡದು. ಇಂಗ್ಲೆಂಡಿನ ದೊರೆ ವಿಲಿಯಮನು 1086ರಲ್ಲಿ ತನ್ನ ರಾಜ್ಯದ ಹೊಲಮನೆಗಳನ್ನೆಲ್ಲ ಅಳೆಸಿ ಬರೆಸಿದ ‘ಡೂಮ್ಸ್‌ಡೇ’ ಪುಸ್ತಕವು ಚರ್ಮದ ಹಾಳೆಯ ಮೇಲಿದ್ದು ಇಂದಿಗೂ ಓದಬಹುದಾಗಿದೆ. ಅದಕ್ಕೆ 900 ವರ್ಷ ತುಂಬಿದ ನೆನಪಿಗೆ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಶಾಲಾಮಕ್ಕಳನ್ನು ಕೂಡಿಕೊಂಡು ಹೊಸದೊಂದು ಡೂಮ್ಸ್‌ಡೇಯನ್ನು ಲೇಸರ್ ತಟ್ಟೆಗಳಲ್ಲಿ ತುಂಬಿಸಿತು. ಹದಿನೈದು ಹದಿನಾರು ವರ್ಷಗಳಲ್ಲೇ ಆ ತಟ್ಟೆಗಳನ್ನು ಓದುವ ಯಂತ್ರಗಳು ಬಹುಮಟ್ಟಿಗೆ ಮಾಯವಾಗಿ, ಒಳಗಿದ್ದುದನ್ನು ಬಿಡಿಸಿಕೊಳ್ಳಲು ಪಂಡಿತರು ಪ್ರತ್ಯೇಕ ಯೋಜನೆಯನ್ನೇ ಹೂಡಬೇಕಾಯಿತು.

ಅಷ್ಟು ದೂರವೇಕೆ? ನಮ್ಮ ಕನ್ನಡದ ಗತಿಯನ್ನೇ ನೋಡಬಹುದು. ಯೂನಿಕೋಡ್ ಎಂಬ ಸರ್ವಸಾಮಾನ್ಯ ಸಂಕೇತ ರೂಢಿಗೆ ಬರುವ ಮೊದಲು ಕಚೇರಿಗಳಲ್ಲಿ ಕನ್ನಡವನ್ನು ‘ನುಡಿ’, ‘ಬರಹ’, ‘ಶ್ರೀಲಿಪಿ’ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡುತ್ತಿದ್ದರು. ಅವು ಕನ್ನಡದ ಒಂದೊಂದು ತುಣುಕನ್ನೂ ಇಂಗ್ಲಿಷಿನ ಯಾವುದೋ ಅಕ್ಷರದ ಮನೆಯಲ್ಲಿ ಕೂರಿಸುತ್ತಿದ್ದವು. ಆ ಅಚ್ಚಿನ ಅಕ್ಷರಗಳು ಇಲ್ಲದ ಗಣಕದಲ್ಲಿ ಇಂದು ಅಂಥ ಹಳೆಯ ಆದೇಶವನ್ನು ತೆರೆದರೆ ಕಾಣುವುದು ಕನ್ನಡವಲ್ಲ. ಕೊಂಬು ಬಂದ ಇಂಗ್ಲಿಷ್ ಅಕ್ಷರಗಳ ಸಂತೆ. ‘ಕನ್ನಡ’ ಎಂಬ ಮೂರಕ್ಷರದ ನಡುವೆ ಬ್ರಿಟಿಷರ ಪೌಂಡಿನ ಗುರುತು ಬಂದು ಕುಳಿತಿರುತ್ತದೆ! ಬಲ್ಲವರು ಅದನ್ನು ಮಾರ್ಪಡಿಸಿಕೊಡುತ್ತಾರೆ, ನಿಜ. ಆದರೆ ಒತ್ತಕ್ಷರ, ಅಂಕಿ, ಹೆಸರು ಒಂದೂ ತಪ್ಪಿಲ್ಲವೆಂದು ಕೂತು ನೋಡುವವರಾರು? ಪುಣೆಯ ಪೇಶ್ವೆ ದಫ್ತರದಲ್ಲಿ ರುಮಾಲುಗಳಲ್ಲಿ ಕಟ್ಟಿಟ್ಟಿರುವ ಮೋಡಿ ಲಿಪಿಯ ಕಾಗದಗಳನ್ನು ಓದಬಲ್ಲವರು ಕಡಿಮೆಯಾಗಿದ್ದಾರೆಂದು ನಾವು ಮರುಗುತ್ತೇವೆ. ಮೋಡಿಯು ಬಳಕೆ ತಪ್ಪುವುದಕ್ಕೆ ತಲೆಮಾರುಗಳು ಹಿಡಿದವು. ಗಣಕದ ಲಿಪಿಗೆ ಹತ್ತು ಹದಿನೈದು ವರ್ಷ ಸಾಕು.

ಇನ್ನೊಂದು ಸೂಕ್ಷ್ಮವುಂಟು. ಅಕ್ಷರ ಉಳಿದರೆ ದಾಖಲೆ ಉಳಿದಂತಾಗಲಿಲ್ಲ. ಅಮೆರಿಕದಲ್ಲಿ 1989ರ ಜನವರಿಯಲ್ಲಿ ರೇಗನ್ನರ ಅಧಿಕಾರಾವಧಿ ಮುಗಿಯುವ ಹೊತ್ತಿಗೆ ಶ್ವೇತಭವನದ ಗಣಕದೊಳಗಿದ್ದ ಸಂದೇಶಗಳನ್ನು ಅಳಿಸಿಹಾಕಲು ಹೊರಟಾಗ, ‘ನ್ಯಾಷನಲ್ ಸೆಕ್ಯೂರಿಟಿ ಆರ್ಕೈವ್’ ಎಂಬ ಖಾಸಗಿ ಸಂಸ್ಥೆಯೂ ಇತರರೂ ನ್ಯಾಯಾಲಯಕ್ಕೆ ಹೋಗಿ ತಡೆದರು. ಬೇಕಾದುದನ್ನು ಕಾಗದದ ಮೇಲೆ ಅಚ್ಚುಹಾಕಿ ಇಟ್ಟುಕೊಂಡರೆ ಸಾಲದೇ ಎಂಬುದು ಸರಕಾರದ ವಾದ. ಸಾಲದೆಂದು 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಯಾರು ಕಳುಹಿಸಿದರು, ಯಾರಿಗೆ ತಲುಪಿತು, ಯಾವ ಗಳಿಗೆಯಲ್ಲಿ ಎಂಬ ವಿವರ ಆ ಅಚ್ಚಿನ ಪ್ರತಿಯಲ್ಲಿ ಪೂರ್ತಿ ಬರುತ್ತಿರಲಿಲ್ಲ. ದಿನಾಂಕವೂ ಸಹಿಯೂ ಇಲ್ಲದ ರಶೀದಿಯನ್ನು ಯಾವ ಗುಮಾಸ್ತನು ಒಪ್ಪುತ್ತಾನೆ?

ಆದಕಾರಣ, ಪತ್ರಾಗಾರಕ್ಕೆ ಒಪ್ಪಿಸುವುದೆಂದರೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ನಕಲು ಮಾಡುವುದಲ್ಲ. ಮೊದಲು ಯಾವುದು ಶಾಶ್ವತವಾಗಿ ಉಳಿಯತಕ್ಕದ್ದು, ಯಾವುದು ಅವಧಿ ಮುಗಿದೊಡನೆ ತೆಗೆಯತಕ್ಕದ್ದು ಎಂದು ಕಚೇರಿಯೂ ಪತ್ರಾಗಾರವೂ ಕೂಡಿ ಆರಿಸಬೇಕು. ಆರಿಸಿದುದನ್ನು ಯಾವೊಂದು ಕಂಪನಿಯ ಹಂಗಿನಲ್ಲೂ ಇಲ್ಲದ ರೂಪಕ್ಕೆ ತರಬೇಕು. ಬರಹಗಳಿಗೆ 2005ರಲ್ಲಿ ಗೊತ್ತುಮಾಡಿದ ‘ಪಿಡಿಎಫ್-ಎ’ ಎಂಬ ರೂಪವಿದೆ. ಅಕ್ಷರದ ಅಚ್ಚುಗಳನ್ನು ಅದು ತನ್ನೊಳಗೇ ಹೊತ್ತಿರುವುದರಿಂದ ಮೇಲೆ ಹೇಳಿದ ಪೌಂಡಿನ ಅವಾಂತರ ಅಲ್ಲಿ ಕಣ್ಣಿಗೆ ಬೀಳದು. ಯಾರು ಸೃಷ್ಟಿಸಿದರು, ಯಾವ ಕಡತಕ್ಕೆ ಸೇರಿದ್ದು, ಯಾವ ಸಹಿ ಯಾವಾಗ ಬಿತ್ತು ಎಂಬ ವಿವರಪಟ್ಟಿಯನ್ನು ಅದರೊಡನೆ ಒಂದೇ ಕಟ್ಟಿನಲ್ಲಿಡಬೇಕು. ಆಮೇಲೆ ಕಟ್ಟಿಗೆ ಬೆರಳಗುರುತು. ಗಣಿತದ ಒಂದು ಸೂತ್ರವು ಇಡೀ ಕಡತವನ್ನು ಓದಿ 64 ಅಂಕಿ-ಅಕ್ಷರಗಳ ಗುರುತನ್ನು ಹೊರಡಿಸುತ್ತದೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಗುರುತು ಬೇರೆಯೇ ಆಗಿಬಿಡುತ್ತದೆ. ಕಳುಹಿಸುವಾಗಿನ ಗುರುತೂ ತಲುಪಿದ ಮೇಲಿನ ಗುರುತೂ ತಾಳೆಯಾದರೆ ಮಾತ್ರ ಪತ್ರಾಗಾರವು ರಶೀದಿ ಕೊಡಬೇಕು. ರಶೀದಿ ಕೈಸೇರುವವರೆಗೆ ಕಚೇರಿಯು ತನ್ನ ಪ್ರತಿಯನ್ನು ಮುಟ್ಟಬಾರದು. ಬಾಡಿಗೆ ಲಾರಿಯಲ್ಲಿ ಬಂದ ಅಕ್ಕಿಮೂಟೆಯನ್ನು ಎಣಿಸದೆ ಸಹಿ ಹಾಕುವವರುಂಟೇ?

ಪತ್ರಾಗಾರದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ದೂರದೂರದ ಊರುಗಳಲ್ಲಿ ಪ್ರತಿಗಳನ್ನಿಡುವುದು, ಕಾಲಕಾಲಕ್ಕೆ ಬೆರಳಗುರುತನ್ನು ಮರಳಿ ಪರೀಕ್ಷಿಸುವುದು, ರೂಪ ಹಳತಾಗುವ ಮುನ್ನ ಹೊಸದಕ್ಕೆ ವರ್ಗಾಯಿಸಿ ಹಾಗೆ ವರ್ಗಾಯಿಸಿದುದನ್ನೂ ಬರೆದಿಡುವುದು ಎಂದೆಂದಿಗೂ ನಡೆಯಬೇಕಾದ ಚಾಕರಿ. ಅದಕ್ಕೆ ವರ್ಷವರ್ಷವೂ ಹಣ ಬೇಕು. ಶಂಕುಸ್ಥಾಪನೆಯ ಕಲ್ಲಿಲ್ಲದ ಇಂಥ ಕೆಲಸಗಳಿಗೆ ಹಣ ಬಿಡುಗಡೆಯಾಗುವುದು ಕಷ್ಟ.

ಕಾನೂನು ಏನೆನ್ನುತ್ತದೆ? ಕೇಂದ್ರದ ಸಾರ್ವಜನಿಕ ದಾಖಲೆಗಳ ಅಧಿನಿಯಮ 1993ರದು. ಗಣಕಯಂತ್ರದಿಂದ ಹುಟ್ಟಿದ ಸಾಮಗ್ರಿಯೂ ಸಾರ್ವಜನಿಕ ದಾಖಲೆಯೇ ಎಂದು ಅದು ಅಂದೇ ಹೇಳಿತ್ತು. ಈ ದೂರದೃಷ್ಟಿಗಾಗಿ ಅದನ್ನು ರಚಿಸಿದವರನ್ನು ಮೆಚ್ಚಲೇಬೇಕು. ಪ್ರತಿಯೊಂದು ಕಚೇರಿಯೂ ಒಬ್ಬ ದಾಖಲೆ ಅಧಿಕಾರಿಯನ್ನು ನೇಮಿಸಬೇಕು. ನಿಯಮ ಮೀರಿ ದಾಖಲೆ ನಾಶಮಾಡಿದವನಿಗೆ 5 ವರ್ಷದವರೆಗೆ ಸೆರೆ, ಇಲ್ಲವೇ 10,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮಹಾರಾಷ್ಟ್ರವು 2005ರಲ್ಲಿ, ಕರ್ನಾಟಕವು 2010ರಲ್ಲಿ ತಮ್ಮ ತಮ್ಮ ಕಾನೂನುಗಳನ್ನು ಮಾಡಿಕೊಂಡಿವೆ.

ತೊಡಕಿರುವುದು ಕಾಲಾವಧಿಯಲ್ಲಿ. ಕೇಂದ್ರದ ಕಾನೂನಿನಂತೆ 25 ವರ್ಷ ಮೀರಿದ ದಾಖಲೆಗಳನ್ನು ಪರಿಶೀಲಿಸಿ, ಶಾಶ್ವತ ಬೆಲೆಯುಳ್ಳವನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಕಳುಹಿಸುವುದು ಕ್ರಮ. 1891ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಆ ಸಂಸ್ಥೆಗೆ ಕಾಗದದ ಮಟ್ಟಿಗೆ ಈ ಕ್ರಮ ಸಲ್ಲುತ್ತದೆ. ಕಾಗದವು 25 ವರ್ಷ ಕಪಾಟಿನಲ್ಲಿ ಸುಮ್ಮನಿದ್ದರೂ ಕಾಗದವಾಗಿಯೇ ಇರುತ್ತದೆ. 1995ರಲ್ಲಿ ‘ವರ್ಡ್‌ಸ್ಟಾರ್’ನಲ್ಲಿ ಬೆರಳಚ್ಚು ಮಾಡಿ ಫ್ಲಾಪಿಯಲ್ಲಿಟ್ಟ ಟಿಪ್ಪಣಿಗೆ 25 ವರ್ಷ ತುಂಬಿದ್ದು 2020ರಲ್ಲಿ. ಆ ವೇಳೆಗೆ ಫ್ಲಾಪಿ ತೂರಿಸುವ ಕಿಂಡಿಯುಳ್ಳ ಗಣಕವನ್ನು ಎಲ್ಲಿಂದ ತರಬೇಕು? ಅದನ್ನು ಬರೆದ ಗುಮಾಸ್ತರು ನಿವೃತ್ತರಾಗಿ, ಗುಪ್ತಪದವನ್ನು ತಮ್ಮೊಂದಿಗೇ ಕೊಂಡುಹೋಗಿರುತ್ತಾರೆ. ನಮ್ಮ ಊರಿನ ಹೆಂಗಸರು ಅಪ್ಪೆಮಿಡಿಯನ್ನು ಕೊಯ್ದ ಕೂಡಲೇ ಉಪ್ಪಿಗೆ ಹಾಕುತ್ತಾರೆಯೇ ಹೊರತು, ಹಣ್ಣಾಗಿ ಉದುರಿದ ಮೇಲೆ ಭರಣಿ ಹುಡುಕುವುದಿಲ್ಲ. ಯಂತ್ರದ ಕಡತವನ್ನೂ ಎಳೆಯದಿರುವಾಗಲೇ, ಕೆಲಸ ಮುಗಿದ ಕೆಲವೇ ವರ್ಷಗಳೊಳಗಾಗಿ, ಪತ್ರಾಗಾರಕ್ಕೆ ಒಪ್ಪಿಸುವ ನಿಯಮ ಬರಬೇಕು. ಗುಟ್ಟಾಗಿರಬೇಕಾದ ಕಡತಗಳನ್ನು 25 ವರ್ಷ ಜನರಿಗೆ ತೆರೆಯದಿದ್ದರಾಯಿತು. ಒಪ್ಪಿಸುವುದು ಬೇರೆ, ತೆರೆಯುವುದು ಬೇರೆ.

ವಿದ್ಯೆ ನಮ್ಮಲ್ಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಪುಣೆಯ ಸಿ-ಡಾಕ್ ಸಂಸ್ಥೆಯಲ್ಲಿ ಡಿಜಿಟಲ್ ಸಂರಕ್ಷಣೆಗೆಂದೇ ಒಂದು ಕೇಂದ್ರವಿದ್ದು, ವಿದ್ಯುನ್ಮಾನ ದಾಖಲೆಯೊಡನೆ ಯಾವ ಯಾವ ವಿವರ ಇರತಕ್ಕದ್ದೆಂಬ ಮಾನಕವೊಂದನ್ನು ಸಿದ್ಧಗೊಳಿಸಿತು. ಸರಕಾರವು 2013ರಲ್ಲಿ ಅದನ್ನು ಹೊರಡಿಸಿತು. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿ ಇದೇ ಪುಣೆಯವರ ನೆರವಿನಿಂದ ರೂಪುಗೊಂಡ ಧ್ವನಿ-ದೃಶ್ಯ ಪತ್ರಾಗಾರವು 2017ರಲ್ಲಿ, ನಂಬತಕ್ಕ ಡಿಜಿಟಲ್ ಭಂಡಾರವೆಂಬ ಅಂತಾರಾಷ್ಟ್ರೀಯ ಪ್ರಮಾಣಪತ್ರವನ್ನು ಜಗತ್ತಿನಲ್ಲೇ ಮೊದಲಿಗೆ ಪಡೆಯಿತು. ಹಾಡಿಗೂ ನೃತ್ಯಕ್ಕೂ ಮಾಡಿದ ವ್ಯವಸ್ಥೆಯು ಪಹಣಿಗೂ ಪಿಂಚಣಿಗೂ ಬೇಡವೇ? ಅಮೆರಿಕದ ರಾಷ್ಟ್ರೀಯ ಪತ್ರಾಗಾರವಂತೂ 2024ರ ಜೂನ್ 30ರಿಂದಾಚೆಗೆ, ಕೆಲವು ವಿನಾಯಿತಿಗಳ ಹೊರತು, ಸರಕಾರಿ ಇಲಾಖೆಗಳಿಂದ ವಿದ್ಯುನ್ಮಾನ ರೂಪದ ದಾಖಲೆಗಳನ್ನಲ್ಲದೆ ಕಾಗದವನ್ನು ಸ್ವೀಕರಿಸುವುದನ್ನೇ ನಿಲ್ಲಿಸಿದೆ.

ಇಲ್ಲಿ ಒಂದು ತಪ್ಪುತಿಳಿವಳಿಕೆಯನ್ನು ದೂರಮಾಡಬೇಕು. ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸ ಈಗ ಎಲ್ಲೆಡೆ ಭರದಿಂದ ಸಾಗಿದೆ. ಆಗಲಿ. ಆದರೆ ಸ್ಕ್ಯಾನ್ ಮಾಡಿದ ಪ್ರತಿಯೂ ಯಂತ್ರದ ಕಡತವೇ. ಮೇಲಿನ ರೋಗಗಳೆಲ್ಲ ಅದಕ್ಕೂ ತಗಲುತ್ತವೆ. ಸ್ಕ್ಯಾನ್ ಆಯಿತೆಂದು ಮೂಲ ಕಾಗದವನ್ನು ರದ್ದಿಗೆ ಹಾಕುವ ಅವಸರ ಸಲ್ಲದು.

ಭವಿಷ್ಯನಿಧಿಯ ಸದಸ್ಯರಾಗಿರುವ ಬಂಧುಗಳು ಹೋಟೆಲು ಬದಲಿಸಿದಾಗಲೆಲ್ಲ ತಮ್ಮ ಪಾಸ್‌ಬುಕ್ಕಿನ ಪ್ರತಿಯೊಂದನ್ನು ಅಚ್ಚುಹಾಕಿಸಿ ಪೆಟ್ಟಿಗೆಯಲ್ಲಿಡುವುದು ಲೇಸು. ಕಚೇರಿಗಳಲ್ಲಿರುವ ವಾಚಕರು ಇನ್ನೊಂದು ಕೆಲಸ ಮಾಡಬಹುದು. ದಾಖಲೆಗಳನ್ನು ಪಟ್ಟಿ ಮಾಡಿ ಕ್ರಮವಾಗಿಡುವುದು ಸರಕಾರಿ ಕಚೇರಿಯ ಕರ್ತವ್ಯವೆಂದು 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಕಲಮು ಹೇಳುತ್ತದೆ. ಕೇಂದ್ರದ ಯಾವುದೇ ಕಚೇರಿಗೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಬರೆದು, ನಿಮ್ಮಲ್ಲಿ ದಾಖಲೆ ಅಧಿಕಾರಿ ಯಾರು, ಯಂತ್ರದೊಳಗಿನ ಕಡತಗಳಲ್ಲಿ ಇದುವರೆಗೆ ಪತ್ರಾಗಾರಕ್ಕೆ ಒಪ್ಪಿಸಿದವು ಯಾವುವು, ರಶೀದಿಯುಂಟೇ ಎಂದು ಕೇಳಬಹುದು. 30 ದಿನಗಳೊಳಗೆ ಉತ್ತರ ಬರತಕ್ಕದ್ದು. ಬಂದ ಉತ್ತರಗಳ ನಕಲನ್ನು ನಮ್ಮ ಕಾರ್ಯಾಲಯಕ್ಕೆ ಕಳುಹಿಸಿಕೊಟ್ಟಲ್ಲಿ, ಕಳುಹಿಸಿದವರ ಹೆಸರನ್ನು ಬಿಟ್ಟು, ಇದೇ ಪುಟದಲ್ಲಿ ಪ್ರಕಟಿಸುವೆವು.