ನಿಮಗಿದು ಗೊತ್ತೆ? ಉಲ್ಕಾಶಿಲೆಯಲ್ಲಿ ಸಿಕ್ಕ ಬೀಜ

1864ರ ಮೇ 14ರಂದು ದಕ್ಷಿಣ ಫ್ರಾನ್ಸಿನ ಓರ್ಗೈ ಊರಿನ ಬಳಿ ಉಲ್ಕಾಶಿಲೆಗಳು ಉದುರಿದವು: ಬೆರಳಲ್ಲೇ ಪುಡಿಯಾಗುವಷ್ಟು ಮೆದುವಾದ, ಇಂಗಾಲ ತುಂಬಿದ ಕಪ್ಪು ಕಲ್ಲುಗಳು. ಅವುಗಳಲ್ಲಿ ಸೂಕ್ಷ್ಮಜೀವಿಗಳ ಪಳೆಯುಳಿಕೆ ಇದೆಯೆಂಬ ವಾದ 1961ರಲ್ಲಿ ಎದ್ದಿತು. ಆದರೆ ಅಂಥ ಕೆಲವು ಕಣಗಳು ಭೂಮಿಯದೇ ಹೂವಿನ ಪರಾಗ ಎಂದು ಬಳಿಕ ತಿಳಿಯಿತು.

ಗಾಜಿನ ಭರಣಿಯಲ್ಲಿ ಕಾಪಾಡಿದ್ದ ಮ್ಯೂಸಿಯಂ ತುಂಡೊಂದರಲ್ಲಂತೂ ಇಡೀ ಬೀಜವೇ ಇತ್ತು! 1964ರಲ್ಲಿ ವಿಜ್ಞಾನಿ ಎಡ್ವರ್ಡ್ ಆ್ಯಂಡರ್ಸ್ ತಂಡ ಗುಟ್ಟು ಬಯಲು ಮಾಡಿತು. ಅದು ಜೊಂಡುಹುಲ್ಲಿನ ಬೀಜ. ಯಾರೋ ಕಲ್ಲನ್ನು ನೆನೆಸಿ, ಬೀಜವನ್ನೂ ಕಲ್ಲಿದ್ದಲ ಚೂರನ್ನೂ ತುರುಕಿ, ಮೇಲಿನ ಸುಟ್ಟ ಪದರದಂತೆ ಕಾಣಲೆಂದು ಅಂಟು ಬಳಿದಿದ್ದರು. ಎಂಥ ಕೈಚಳಕ! ಉಲ್ಕೆ ಬೀಳುವ ಕೆಲವೇ ವಾರ ಮೊದಲು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್, ಜೀವ ತಾನಾಗಿ ಹುಟ್ಟದೆಂದು ಸಾರಿದ್ದರು. ಜೀವದ ಹುಟ್ಟಿನ ಕುರಿತ ಆ ಚರ್ಚೆಯನ್ನು ಕೆಣಕಲೆಂದೇ ಈ ಕೆಲಸ ನಡೆದಿರಬಹುದು. ಮಾಡಿದವರು ಮಾತ್ರ ಇಂದಿಗೂ ಸಿಕ್ಕಿಲ್ಲ.